ಹತ್ತೊಂಬತ್ತು ಸೆಕೆಂಡಿನ ಗೆರೆ

ಮತ್ತೆ ಮಲಗಿಬಿಟ್ಟಿತಲ್ಲ ಈ ಗೆರೆ, ಇಷ್ಟು ಹೊತ್ತೂ ಅಕ್ಕನ ದನಿಯ ಜೊತೆ ಗುಡ್ಡ ಹತ್ತಿ ಇಳಿದು, ಹತ್ತಿ ಇಳಿದು ಬರುತ್ತಿದ್ದ ನೀಲಿ ಗೆರೆ, ಸಂಕಲನ ಅನ್ನುವ ಮಾತು ಮುಗಿದದ್ದೇ ತಡ ಚಾಪೆ ಹಾಸಿದ ಹಾಗೆ ಚಪ್ಪಟೆಯಾಗಿ ಮಲಗಿತು, ಒಂದು, ಎರಡು, ಮೂರು — ಒಂದು ನೊಣ ಬಂದು ಕಂಪ್ಯೂಟರಿನ ಪರದೆಯ ಆ ಚಪ್ಪಟೆ ಜಾಗದಲ್ಲೇ ಕೂತಿತು, ಅವನು ಮೌಸಿನ ಬಾಣದಿಂದ ನೊಣ ಓಡಿಸಲು ಹೋಗಿ ತನ್ನ ಪೆದ್ದುತನಕ್ಕೆ ತಾನೇ ನಕ್ಕ, ನಾಲ್ಕು, ಐದು, ಅಕ್ಕ ಉಸಿರು ತೆಗೆದುಕೊಳ್ಳುತ್ತಿರಬೇಕು, ಈಗ ಬರುತ್ತದೆ, ಸಂಕಲನ ಆದಮೇಲೆ ಬರಬೇಕಾದದ್ದು ಒಂದೇ ಮಾತು, ನಲವತ್ತು ಕಂತುಗಳಲ್ಲಿ ನಲವತ್ತು ಸಲ ಬಂದ ಮಾತು, ಕತ್ತರಿ, ಅವನದೇ ಹೆಸರು, ಅವ್ವ ಅಪ್ಪ ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ತೆಪ್ಪಗೆ ಕೂತಿದೆ, ಊರಿಗೆಲ್ಲ ಗೊತ್ತಿರುವುದು ಇದು, ಕತ್ತರಿ — ಹತ್ತು, ಹನ್ನೊಂದು, ಬರಲಿಲ್ಲ, ಹದಿನೈದು, ನೊಣ ಹಾರಿಹೋಯಿತು, ಹತ್ತೊಂಬತ್ತನೆಯ ಸೆಕೆಂಡಿಗೆ ಗೆರೆ ಮತ್ತೆ ಎದ್ದಿತು, ಗಾಜಿನಾಚೆ ಕೂತಿರ್ತಾನಲ್ಲ, ಅವನು, ಎಂದು ಅಕ್ಕನ ದನಿ ತಿಳಿಯಾಗಿ ಹೇಳಿ, ನಮಸ್ಕಾರ ಎಂದು ಮುಗಿಸಿತು. ಅವನು ಕಿವಿಯಿಂದ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ.

ಆ ಹೆಸರು ಕೊಟ್ಟವರೂ ಅಕ್ಕನೇ ಅಲ್ಲವೇ, ಒಡಹುಟ್ಟಿದ ಅಕ್ಕನಲ್ಲ, ಉದ್ಘೋಷಕಿ, ಎಲ್ಲರೂ ಅಕ್ಕ ಎನ್ನುವವರು, ಬಾನುಲಿ ನಿಲಯಕ್ಕೆ ಅವನು ಸೇರಿದ ಮೊದಲ ವಾರ, ಅವರಾಗಲೇ ಊರೆಲ್ಲ ಗುರುತಿಸುವ ದನಿ, ಬೆಳಗಿನ ಸುದ್ದಿಗೆ ಮುಂಚೆ ಗಂಟೆ ಎಷ್ಟೆಂದು ಅವರು ಹೇಳಿದರೆ ಜನ ಗೋಡೆಯ ಗಡಿಯಾರವನ್ನೇ ತಿದ್ದಿಕೊಳ್ಳುತ್ತಿದ್ದರು, ಇವನು ಟೇಪು ಕತ್ತರಿಸುವ ಕೆಲಸಕ್ಕೆ ಬಂದ ಸಣಕಲ, ಕಾಲಿಂಚು ಅಗಲದ ಕಂದು ಟೇಪನ್ನು ಬೆರಳಿನಲ್ಲಿ ಮುಂದಕ್ಕೆ ಹಿಂದಕ್ಕೆ ತಿರುಗಿಸುತ್ತಾ, ಕೆಮ್ಮು ಎಲ್ಲಿ ಶುರುವಾಗುತ್ತದೆ ಎಂದು ಬಿಳಿ ಪೆನ್ಸಿಲ್ಲಿನಿಂದ ಗುರುತು ಮಾಡಿ, ಬ್ಲೇಡಿನಿಂದ ಓರೆಯಾಗಿ ಕೊಯ್ದು, ಎರಡು ತುದಿ ಸೇರಿಸಿ ಅಂಟಿಸುವುದು, ಅಷ್ಟೇ, ಕತ್ತರಿಯನ್ನು ಮುಟ್ಟಿದ್ದೇ ಇಲ್ಲ, ಆದರೂ ಅಕ್ಕ ಬಾಗಿಲಲ್ಲಿ ನಿಂತು ಏನಪ್ಪಾ ಕತ್ತರಿ, ನನ್ನ ಕೆಮ್ಮು ಸಿಕ್ತಾ ಅಂದರು, ಕೋಣೆಯಲ್ಲಿದ್ದವರು ನಕ್ಕರು, ಹೆಸರು ಅಂಟಿಕೊಂಡಿತು, ಟೇಪಿಗಿಂತ ಗಟ್ಟಿಯಾಗಿ. ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ, ಅವನ ಕಸುಬಿನಲ್ಲಿ ಆ ಗಾದೆಗೆ ಮೂರು ಕಾಸಿನ ಬೆಲೆ ಇರಲಿಲ್ಲ, ಆಡಿದ ಮಾತನ್ನು ಹಿಂದಕ್ಕೆ ತೆಗೆಯುವುದಕ್ಕೇ ಅವನಿಗೆ ಸಂಬಳ. ಕತ್ತರಿಸಿದ ಚೂರುಗಳನ್ನು ಉಳಿದವರು ಬುಟ್ಟಿಗೆ ಎಸೆಯುತ್ತಿದ್ದರು, ಅವನು ಎಸೆಯಲಿಲ್ಲ, ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇಟ್ಟುಕೊಂಡಿದ್ದ, ಮುಚ್ಚಳದ ಮೇಲೆ ಬೆಕ್ಕಿನ ಚಿತ್ರ, ಬೇಕಾದ ಜಾಗದಲ್ಲಿ ತೇಪೆ ಹಾಕಲು ಮೌನ ಬೇಕಲ್ಲ, ಎಲ್ಲ ಮೌನವೂ ಒಂದೇ ಅಂದುಕೊಂಡವರು ಆ ಕಸುಬಿಗೆ ನಾಲಾಯಕ್ಕು, ಒಂದನೇ ಸ್ಟುಡಿಯೋದ ಮೌನ ಬೇರೆ, ಎರಡನೆಯದರದ್ದು ಬೇರೆ, ಮಳೆ ಬಂದ ದಿನದ್ದು ಬೇರೆ, ಮಾತಾಡುವವರ ಮೌನವಂತೂ ಒಬ್ಬೊಬ್ಬರದು ಒಂದೊಂದು, ಡಬ್ಬಿಯಲ್ಲಿ ಅಕ್ಕನ ಚೂರುಗಳಿಗೆ ಬೇರೆಯೇ ಲಕೋಟೆ. ವರ್ಷದ ಕೊನೆಯ ದಿನ ಎಲ್ಲರ ಕೆಮ್ಮು, ಸೀನು, ಥೂ ಮತ್ತೆ ತಪ್ಪಾಯ್ತು ಎಲ್ಲವನ್ನೂ ಉದ್ದಕ್ಕೆ ಅಂಟಿಸಿ ಹಾಕಿ ಕೇಳಿಸುತ್ತಿದ್ದ, ನಿಲಯದ ದೊಡ್ಡ ಸಾಹೇಬರು ಕೂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಂಥ ದಿನಗಳು ಅವು, ಕ್ಯಾಂಟೀನಿನ ಕಾಫಿಗೆ ಟೇಪಿನ ಅಂಟಿನ ವಾಸನೆ ಇರುತ್ತಿತ್ತು, ಅಥವಾ ಅವನ ಬೆರಳಿಗೆ ಇತ್ತೇನೋ.

ಹುಟ್ಟುಗುಣ ಸುಟ್ಟರೂ ಹೋಗದು, ಈಗಿನ ಈ ಪುಕ್ಕಟೆ ತಂತ್ರಾಂಶದಲ್ಲೂ ಅವನಿಗೆ ಒಂದು ಡಬ್ಬಿ ಇದೆ. ಯಾರೂ ಕಲಿಸಲಿಲ್ಲ, ನಿವೃತ್ತನಾದಮೇಲೆ ಹಳೆಯ ಕಂಪ್ಯೂಟರಿನ ಮುಂದೆ ಕೂತು ಒಂದು ತಿಂಗಳು ತಡಕಾಡಿ ಅವನೇ ಕಲಿತ, ಬ್ಲೇಡೂ ಬೇಡ ಬಿಳಿ ಪೆನ್ಸಿಲ್ಲೂ ಬೇಡ, ಬೇಡದ ಜಾಗವನ್ನು ಎಳೆದು ಬೂದು ಬಣ್ಣ ಮಾಡು, ಗುಂಡಿ ಒತ್ತು, ಹೋಯಿತು, ಕೈ ತಪ್ಪಿತೋ, ಕಂಟ್ರೋಲ್ ಝಡ್ ಒತ್ತು, ವಾಪಸ್ಸು ಬಂತು, ಇದೊಂದು ಗುಂಡಿ ಆಗ ಇದ್ದಿದ್ದರೆ ಎಷ್ಟು ಸಲ ದೊಡ್ಡ ಸಾಹೇಬರ ಬೈಗುಳ ತಪ್ಪುತ್ತಿತ್ತೋ. ಆದರೂ ಅವನು ಕತ್ತರಿಸಿದ್ದನ್ನು ಅಳಿಸುವುದಿಲ್ಲ, ಎತ್ತಿ ಬೇರೆ ಕಡತಕ್ಕೆ ಅಂಟಿಸುತ್ತಾನೆ, ಕಡತದ ಹೆಸರು ಡಬ್ಬಿ. ಅಕ್ಕ ಫೋನು ಮಾಡಿ ಲೋ ಕತ್ತರಿ, ಪಾಡ್‌ಕಾಸ್ಟ್ ಅಂತೆ, ಮನೇಲೇ ಕೂತು ಮಾಡಬಹುದಂತೆ, ಮಾಡೋಣವಾ ಅಂದಾಗ ಅವನಿಗೆ ಇಪ್ಪತ್ತು ವರ್ಷ ಕಡಿಮೆಯಾಗಿತ್ತು, ಸುಳ್ಳಲ್ಲ, ಆ ಸಂಜೆ ಕಂಕುಳಲ್ಲಿ ಛತ್ರಿ ಇಟ್ಟುಕೊಂಡು ಶಿಳ್ಳೆ ಹೊಡೆಯುತ್ತಾ ಔಷಧಿ ಅಂಗಡಿಗೆ ಹೋಗಿ ಔಷಧಿ ಮರೆತು ಬಂದಿದ್ದ. ನಿಂತುಹೋದ ಸದ್ದುಗಳು ಎಂದು ಹೆಸರಿಟ್ಟರು, ಊರಿನಿಂದ ಮಾಯವಾದ ಒಂದೊಂದು ಸದ್ದಿಗೆ ಒಂದೊಂದು ಕಂತು, ಚಾಕು ಸಾಣೆಯವನದು, ಟೈಪಿಂಗ್ ಶಾಲೆಯದು, ಅಕ್ಕ ಸೋಮವಾರ ಬಟ್ಟೆಯ ಕಪಾಟಿನ ಬಾಗಿಲು ತೆರೆದು, ಕಂಬಳಿಗಳ ನಡುವೆ ಸ್ಟೂಲು ಹಾಕಿಕೊಂಡು, ಮೊಬೈಲಿನ ಮುಂದೆ ಮಾತಾಡುತ್ತಾರೆ, ಇವನು ಮಂಗಳವಾರ ಕತ್ತರಿಸಿ ಮೂರು ಗಂಟೆಯೊಳಗೆ ಅವರಿಗೆ ಕಳಿಸುತ್ತಾನೆ, ಅವರು ಕೇಳಿ ಹೂಂ ಅಂದಮೇಲೆ ಲೋಕಕ್ಕೆ. ಮೊದಲ ಕಂತುಗಳಲ್ಲಿ ಕತ್ತರಿಸಲು ಏನಿತ್ತು, ಪಕ್ಕದ ಮನೆಯ ನಾಯಿ ಬಿಟ್ಟರೆ. ಎಂಟನೆಯದರಲ್ಲಿ ಒಂದು ಮಾತಿಗೆ ಎರಡು ಸೆಕೆಂಡು ತಡಕಾಡಿದರು, ವಯಸ್ಸು, ಯಾರಿಗಿಲ್ಲ, ಕತ್ತರಿಸಿದ. ಹದಿನೈದರಲ್ಲಿ ನಾಲ್ಕು ಸೆಕೆಂಡು, ಇಪ್ಪತ್ತೈದರಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು, ಎರಡನೆಯದನ್ನು ಎತ್ತಿದ, ಮೂವತ್ತರ ಹೊತ್ತಿಗೆ ಸಾಣೆಯವನ ಚಕ್ರಕ್ಕೆ ಅದು, ಅದು, ತಿರುಗುತ್ತಲ್ಲ ಅದು, ಎಂದರು, ಅವನು ಹಿಂದಿನ ಒಂದು ವಾಕ್ಯದಿಂದ ಚಕ್ರ ಎನ್ನುವ ಮಾತನ್ನು ಕಡ ತಂದು ಕೂರಿಸಿದ, ಎಷ್ಟು ನುಣ್ಣಗೆ ಕೂತಿತೆಂದರೆ ತನ್ನ ಬೆನ್ನು ತಾನೇ ತಟ್ಟಿಕೊಂಡ. ಆಗ ಅದು ಪ್ರೀತಿಯ ಕೆಲಸ ಅಂತಲೇ ಅನಿಸಿತ್ತು, ಇವತ್ತಿಗೂ ಅಲ್ಲ ಎನ್ನಲಾರ. ಒಂದು ಸಲ ಅಕ್ಕ ಫೋನಿನಲ್ಲಿ ನೇರವಾಗಿ ಕೇಳಿದರು, ನಿಜ ಹೇಳು, ನೀನು ಜಾಸ್ತಿ ಕತ್ತರಿಸ್ತೀಯಾ, ಅವನು ಏನಿಲ್ಲ ಅಕ್ಕಾ, ಎರಡು ಉಸಿರು, ಒಂದು ನಾಯಿ, ಅಷ್ಟೇ ಅಂದ. ಅವರು ಆ ಕಡೆಯಿಂದ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು, ಅದನ್ನೂ ಕತ್ತರಿಸಬೇಕು ಎಂದು ಅವನ ಕೈ ತನ್ನಷ್ಟಕ್ಕೇ ಮೌಸಿನ ಕಡೆ ಹೋಗಿತ್ತು.

ಆದರೆ ನಿನ್ನೆ ಮೇಷ್ಟ್ರು ಫೋನು ಮಾಡಬಾರದಿತ್ತು, ಮಾಡದೇ ಇದ್ದಿದ್ದರೆ ಅವನು ಹಾಯಾಗಿ ಹೆಸರು ಅಂಟಿಸಿ ಊಟಕ್ಕೆ ಏಳುತ್ತಿದ್ದ. ಅಕ್ಕನ ಗಂಡ ಮೇಷ್ಟ್ರು ಜೀವಮಾನವೆಲ್ಲ ಲೆಕ್ಕ ಪಾಠ ಮಾಡಿದವರು, ಅನಗತ್ಯವಾಗಿ ಒಂದು ಮಾತು ಆಡಿದವರಲ್ಲ, ನಿನ್ನೆ ಮಾತ್ರ ಬಚ್ಚಲಿನ ಬಾಗಿಲು ಹಾಕಿಕೊಂಡು ಪಿಸುಗುಟ್ಟುತ್ತಿದ್ದರು, ನಲ್ಲಿಯ ಸದ್ದಿನಲ್ಲಿ ಅರ್ಧ ಕೇಳಿಸದು. ಮಿಲ್ಲಿನ ಸೈರನ್ ಆಯ್ತಾ ಅಂತ ಬೆಳಿಗ್ಗೆ ಕೇಳ್ತಾಳೆ ಕಣಪ್ಪಾ, ಮಿಲ್ಲು ಮುಚ್ಚಿ ಇಪ್ಪತ್ತು ವರ್ಷ ಆಯ್ತು, ಒಂದು ಸಲ ಕೇಳಿದ್ರೆ ಮರೆವು ಅಂದ್ಕೋತೀನಿ, ವಾರದಲ್ಲಿ ಮೂರು ಸಲ ಕೇಳಿದ್ರೆ ಅದಕ್ಕೆ ಸೂತ್ರ ಇದೆ ಅಂತ ಅರ್ಥ. ಗುರುವಾರಕ್ಕೆ ಡಾಕ್ಟರ ಹತ್ತಿರ ಹೆಸರು ಬರೆಸಿದ್ದಾರಂತೆ, ಅಕ್ಕ ಬರುವುದಿಲ್ಲ ಎಂದು ಹಟ ಹಿಡಿದಿದ್ದಾರಂತೆ, ತಲೆ ಕೆಟ್ಟಿದ್ರೆ ಹೀಗೆ ಮಾತಾಡೋಕಾಗುತ್ತಾ ಎಂದು ಕಂತುಗಳನ್ನು ಜೋರಾಗಿ ಹಾಕಿ ಕೇಳಿಸುತ್ತಾರಂತೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನೀವೇ ಕೇಳಿ, ಎಲ್ಲಿದೆ ತಪ್ಪು ತೋರಿಸಿ. ನಾನೂ ಕೇಳಿದೆ ಕಣಪ್ಪಾ ಎಂದರು ಮೇಷ್ಟ್ರು, ಎಲ್ಲೂ ಒಂದು ತಪ್ಪಿಲ್ಲ, ನೀರಿನ ಹಾಗೆ ಮಾತಾಡ್ತಾಳೆ, ಇವಳು ಸರಿ ಇದ್ದಾಳೆ, ನನ್ನ ತಲೇನೇ ಕೆಟ್ಟಿದೆಯೇನೋ ಅನ್ನಿಸಿಬಿಟ್ಟಿದೆ, ರಾತ್ರಿ ಮಗ್ಗಿ ಹೇಳ್ಕೊಂಡು ನನ್ನನ್ನೇ ಪರೀಕ್ಷೆ ಮಾಡ್ಕೋತೀನಿ. ಕೊನೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದಿದ್ದಾರೆ, ಈ ವಾರದ ಕಂತಿನಲ್ಲಿ ಒಂದೇ ಒಂದು ಕಡೆ ಅಕ್ಕ ತಡವರಿಸಿದ್ದರೂ ಗುರುವಾರ ತುಟಿ ಪಿಟಕ್ಕೆನ್ನದೆ ಬರುತ್ತಾರೆ, ಇಲ್ಲದಿದ್ದರೆ ಮೇಷ್ಟ್ರು ಇನ್ನು ಮುಂದೆ ಆ ಮಾತು ಎತ್ತಬಾರದು. ಅವನು ಅಷ್ಟೂ ಹೊತ್ತು ಹೂಂ, ಹೂಂ ಅಂದ. ಮಗ್ಗಿ ಹೇಳಿಕೊಳ್ಳುತ್ತಾರಂತೆ ಪಾಪ, ಹತ್ತೊಂಬತ್ತರ ಮಗ್ಗಿ.

ಕೈ ಕೇಳಬೇಕಲ್ಲ, ಯೋಚನೆ ಒಂದು ಕಡೆ ಹರಿಯುತ್ತಿದ್ದರೆ ಕೈ ಇನ್ನೊಂದು ಕಡೆ ಕೆಲಸ ಮುಗಿಸಿಬಿಟ್ಟಿತು, ಮೊದಲನೆಯ ಕಂತು ತೆರೆದು ಕೊನೆಗೆ ಹೋಗಿ ಸಂಕಲನ, ಕತ್ತರಿ ಎನ್ನುವುದರಿಂದ ಆ ಮೂರಕ್ಷರವನ್ನು ಎತ್ತಿಕೊಂಡು ಬಂದಿತು, ಹತ್ತೊಂಬತ್ತು ಸೆಕೆಂಡನ್ನೂ ಅದರ ನಂತರದ ಗಾಜಿನಾಚೆಯವನನ್ನೂ ತೆಗೆದು ಅಲ್ಲಿ ಕೂರಿಸಿತು, ದನಿಯ ಮಟ್ಟ ಒಂದಿಷ್ಟು ಇಳಿಸಿತು, ಕಂಬಳಿಗಳ ಮೌನವನ್ನು ಎರಡು ಕಡೆಗೂ ಸವರಿತು, ಹಾಕಿ ಕೇಳಿದ, ಸಂಕಲನ, ಕತ್ತರಿ, ನಮಸ್ಕಾರ. ಕೂದಲೆಳೆಯಷ್ಟೂ ಸಂದಿಲ್ಲ, ಮೇಷ್ಟ್ರಲ್ಲ ಮೇಷ್ಟ್ರ ಮೇಷ್ಟ್ರು ಬಂದರೂ ಹಿಡಿಯಲಾರರು. ಆ ಮೂರಕ್ಷರದಲ್ಲಿ ಅಕ್ಕ ನಗುತ್ತಿದ್ದರು ಕೂಡ, ಮೊದಲನೆಯ ಕಂತಿನ ದಿನ ನಗುತ್ತಿದ್ದರಲ್ಲ, ವರ್ಷದ ಹಿಂದಿನ ನಗು. ಅಡುಗೆಮನೆಯಿಂದ ಹೆಂಡತಿ, ಅವರ ಉಸಿರು ಕತ್ತರಿಸೋ ಹೊತ್ತಲ್ಲಿ ನಿಮ್ಮ ಗಡ್ಡನಾದ್ರೂ ಕತ್ತರಿಸ್ಕೊಂಡಿದ್ರೆ ಮನುಷ್ಯರ ಥರ ಕಾಣ್ತಿದ್ರಿ, ಊಟಕ್ಕೆ ಬನ್ನಿ, ಬಂದೆ ಬಂದೆ, ಗಡಿಯಾರದಲ್ಲಿ ಎರಡೂ ಕಾಲು, ಇನ್ನು ಮುಕ್ಕಾಲು ಗಂಟೆ. ಕಳಿಸಿದರೆ ಅಕ್ಕ ಗೆಲ್ಲುತ್ತಾರೆ, ಮುಂದಿನ ಸೋಮವಾರ ಮತ್ತೆ ಕಪಾಟಿನಲ್ಲಿ ಕೂರುತ್ತಾರೆ, ಮಂಗಳವಾರ ಮತ್ತೆ ಅವನಿಗೆ ಏಳಲು ಒಂದು ಕಾರಣ ಇರುತ್ತದೆ, ಹೌದು, ಅದೂ ಇದೆ, ಸುಳ್ಳು ಯಾಕೆ, ಈ ಮಂಗಳವಾರ ಇಲ್ಲದಿದ್ದರೆ ಅವನಿಗೆ ವಾರದಲ್ಲಿ ಏಳೂ ದಿನ ಭಾನುವಾರ. ಕಳಿಸದಿದ್ದರೆ ಎಲ್ಲ ಹೋಗುತ್ತದೆ, ನಲವತ್ತು ಕಂತೂ ಬಯಲಾಗುತ್ತವೆ, ಎರಡು ಉಸಿರು ಒಂದು ನಾಯಿ ಅಂದವನು ನೀನೇ ಅಲ್ಲವೇನೋ ಎಂದು ಅವರು ಕೇಳುತ್ತಾರೆ, ಕೇಳದೆಯೂ ಇರಬಹುದು, ಅದೇ ಕಷ್ಟ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಅವನು ಒಂದು ವರ್ಷ ನಡೆಸಿದ್ದಾನೆ, ಇವತ್ತು ಎರಡರಲ್ಲಿ ಒಂದು ಆಗಲೇಬೇಕು.

ಮೊದಲು ಡಬ್ಬಿ, ಡಬ್ಬಿಯ ಕೆಲಸ ಮುಗಿಸದೆ ಏಳುವುದಿಲ್ಲ, ತೆಗೆದ ಚೂರನ್ನು ಅದರೊಳಗೆ ಕೊನೆಯಲ್ಲಿ ಅಂಟಿಸಿದ, ಕಡತ ಇಡಿಯಾಗಿ ಪರದೆಗೆ ಬಂತು, ಅದನ್ನು ಹಾಗೆ ಒಂದೇ ನೋಟದಲ್ಲಿ ಅವನು ಎಂದೂ ನೋಡಿರಲಿಲ್ಲ, ಎಡಗಡೆ ಸಣ್ಣ ಸಣ್ಣ ದಿಬ್ಬ, ನಾಯಿ, ಕೆಮ್ಮು, ಬಲಕ್ಕೆ ಬಂದ ಹಾಗೆ ಚಪ್ಪಟೆ ಗೆರೆಗಳು ಉದ್ದವಾಗುತ್ತಾ, ಉದ್ದವಾಗುತ್ತಾ, ಹನ್ನೊಂದು ನಿಮಿಷದ ಮೌನ, ಮೇಷ್ಟ್ರು ಹುಡುಕುತ್ತಿದ್ದ ಸೂತ್ರ ಇಲ್ಲಿ ಬಿದ್ದಿದೆ, ಅವನ ಕಂಪ್ಯೂಟರಿನಲ್ಲಿ, ಬಚ್ಚಿಟ್ಟವನೂ ಅವನೇ. ಕೊನೆಯ ಚೂರಿನಲ್ಲಿ, ಆ ಹತ್ತೊಂಬತ್ತು ಸೆಕೆಂಡಿನಲ್ಲಿ, ಏಳನೆಯದರ ಹತ್ತಿರ ಒಂದು ಉಬ್ಬು ಕಂಡಿತು, ಹನ್ನೆರಡರ ಹತ್ತಿರ ಇನ್ನೊಂದು, ಇರುವೆಯಷ್ಟು. ಏನಿದು, ನೊಣ ಕೂತ ಜಾಗವಲ್ಲವೇ, ಅದಕ್ಕೇ ಆಗ ಕಾಣಲಿಲ್ಲ, ಅಷ್ಟನ್ನೇ ಎಳೆದು ಬೂದು ಮಾಡಿ ದನಿ ಏರಿಸಿದ, ಇನ್ನೂ ಏರಿಸಿದ, ಹೆಡ್‌ಫೋನು ಹಾಕಿಕೊಂಡ, ಕಂಬಳಿಗಳ ಮೌನ ಹೊಳೆಯ ಹಾಗೆ ಮೊರೆಯತೊಡಗಿತು, ಅದರ ನಡುವೆ ಏಳನೆಯ ಸೆಕೆಂಡಿಗೆ ಸ್ಟೂಲು ಕಿರ್ ಎಂದಿತು — ಆ ಸದ್ದು ಅವನಿಗೆ ಗೊತ್ತು, ಮೊಬೈಲಿನಿಂದ ತಲೆ ಎತ್ತಿ ಮೈ ನೆಟ್ಟಗೆ ಮಾಡಿಕೊಂಡಾಗ ಆಗುವ ಸದ್ದು — ಹನ್ನೆರಡಕ್ಕೆ ಮೈಕಿನಿಂದ ದೂರ, ತುಟಿಯಲ್ಲೇ, ಹೇಳೋ, ಎಂದರು ಅಕ್ಕ. ಅವನು ಹಿಂದಕ್ಕೆ ಎಳೆದು ಮತ್ತೆ ಹಾಕಿದ. ಹೇಳೋ. ಇಪ್ಪತ್ತಾರು ವರ್ಷ ಅವರ ಮತ್ತು ಅವನ ನಡುವೆ ಸ್ಟುಡಿಯೋದ ಒಂದು ದಪ್ಪ ಗಾಜು ಇತ್ತು, ನೇರ ಪ್ರಸಾರದ ಹೊತ್ತಲ್ಲಿ ಆ ಕಡೆ ಅಕ್ಕ, ಈ ಕಡೆ ಅದೇ ಕಾಗದದ ಇನ್ನೊಂದು ಪ್ರತಿ ಹಿಡಿದು ಅವನು, ಏಳು ಸೆಕೆಂಡು ಮೌನವಾದರೆ ಕೆಂಪು ದೀಪ ಹತ್ತಿ ಡ್ಯೂಟಿ ಆಫೀಸರು ಓಡಿ ಬರುತ್ತಿದ್ದರು, ಅಕ್ಕನಿಗೆ ಯಾವಾಗಲಾದರೂ, ಅಷ್ಟು ವರ್ಷದಲ್ಲಿ ಒಂದು ಹತ್ತು ಸಲ ಇರಬಹುದು, ಮಾತು ನಾಲಿಗೆ ತುದಿಗೆ ಬಂದು ನಿಂತುಬಿಟ್ಟರೆ, ಅವರು ಕಾಗದ ತಡಕುತ್ತಿರಲಿಲ್ಲ, ತಲೆ ಎತ್ತಿ ಗಾಜಿನ ಕಡೆ ನೋಡುತ್ತಿದ್ದರು, ಎಡ ಹುಬ್ಬು ಮೇಲೆ ಮಾಡಿ, ಹೇಳೋ, ಎಂದು ದನಿಯಿಲ್ಲದೆ, ಇವನು ಬಾಯಿ ದೊಡ್ಡದಾಗಿ ತೆರೆದು ದನಿಯಿಲ್ಲದೆಯೇ ಆ ಮಾತು ಹೇಳುತ್ತಿದ್ದ, ಅವರು ಅದನ್ನು ತುಟಿಯಿಂದ ಎತ್ತಿಕೊಂಡು ಮುಂದುವರಿಯುತ್ತಿದ್ದರು. ಕೇಳುವವರು ಆಹಾ ಎಂಥ ಗಾಂಭೀರ್ಯದ ವಿರಾಮ ಎಂದು ಕಾಗದ ಬರೆಯುತ್ತಿದ್ದರು. ಮಿಲ್ಲು ಮುಚ್ಚಿದ ದಿನವೂ ಹಾಗೇ ಆಯಿತು, ಅಕ್ಕನ ಅಪ್ಪ ಆ ಮಿಲ್ಲಿನಲ್ಲಿ ನಲವತ್ತು ವರ್ಷ ದುಡಿದವರು, ಪ್ರಕಟಣೆ ಓದುತ್ತಾ ಓದುತ್ತಾ ಇಂದಿನಿಂದ ಎಂಬಲ್ಲಿಗೆ ನಿಂತುಬಿಟ್ಟರು, ಮುಂದಿನ ಮಾತು ಕಣ್ಣೆದುರೇ ಕಾಗದದಲ್ಲಿತ್ತು, ಕಣ್ಣು ತುಂಬಿ ಕಾಣುತ್ತಿರಲಿಲ್ಲ, ತಲೆ ಎತ್ತಿದರು, ಶಾಶ್ವತವಾಗಿ, ಎಂದು ಅವನು ಗಾಜಿನ ಈಚೆಯಿಂದ ಬಾಯಿ ಆಡಿಸಿದ, ಶಾಶ್ವತವಾಗಿ ಎಂದು ಅವರು ಊರಿಗೆ ಹೇಳಿದರು, ಆರನೆಯ ಸೆಕೆಂಡಿನಲ್ಲಿ. ಸುಳ್ಳು ಹೇಳಿಕೊಟ್ಟವನಲ್ಲ ಅವನು, ಒಂದು ದಿನವೂ, ಕಾಗದದಲ್ಲಿ ಇದ್ದದ್ದನ್ನೇ ಹೇಳಿಕೊಟ್ಟ.

ಅನ್ನ ತಣ್ಣಗಾಯ್ತು ಎಂದು ಹೆಂಡತಿಯ ದನಿ, ಅಡುಗೆಮನೆಯಲ್ಲಿ ತಟ್ಟೆಯ ಸದ್ದು, ಎರಡೂ ಮುಕ್ಕಾಲು. ನಿನ್ನೆ ಆ ಕಪಾಟಿನಲ್ಲಿ ಅವರ ಎದುರಿಗೆ ಏನಿತ್ತು, ನಾಲ್ಕು ಕಂಬಳಿ, ಒಂದು ಹಳೆಯ ಕೋಟು, ಗಾಜು ಎಲ್ಲಿ, ಅವರಿಗೆ ಹೆಸರು ಮರೆತಿತ್ತು, ಆದರೆ ಮರೆತಾಗ ಯಾವ ಕಡೆ ನೋಡಬೇಕು ಅನ್ನುವುದು ಮರೆತಿರಲಿಲ್ಲ, ತಲೆ ಎತ್ತಿ ಕೋಟನ್ನು ಕೇಳಿದ್ದಾರೆ ಹೇಳೋ ಎಂದು, ಇವನು ಇರಲಿಲ್ಲ, ಇರಬೇಕಾದವನು ವರ್ಷವಿಡೀ ಗಾಜಿಗೆ ಬಣ್ಣ ಬಳಿಯುತ್ತಾ ಕೂತಿದ್ದ. ಡಬ್ಬಿ ಬಿಟ್ಟು ಕಂತಿನ ಕಡತಕ್ಕೆ ಮರಳಿದ, ಕಂಟ್ರೋಲ್ ಝಡ್. ಕಂಬಳಿಯ ಮೌನ ಹೋಯಿತು, ಇನ್ನೊಮ್ಮೆ, ದನಿಯ ಮಟ್ಟ ಹೋಯಿತು, ಇನ್ನೊಮ್ಮೆ, ವರ್ಷದ ಹಿಂದಿನ ನಗುವಿನ ಜೊತೆ ಅವನ ಹೆಸರು ಹೋಯಿತು, ಚಪ್ಪಟೆ ಗೆರೆ ತನ್ನ ಜಾಗಕ್ಕೆ ಬಂದು ಮಲಗಿತು, ಅದರ ತುದಿಯಲ್ಲಿ ಗಾಜಿನಾಚೆ ಕೂತಿರ್ತಾನಲ್ಲ, ಅವನು. ಇಷ್ಟನ್ನು ಮಾತ್ರ ಕಳಿಸಿದರೆ ಇದೊಂದು ಸಲ ಆಯಿತು ಎಂದು ಜಾರಿಕೊಳ್ಳುತ್ತಾರೆ, ಅವರನ್ನು ಬಲ್ಲವನಲ್ಲವೇ, ಡಬ್ಬಿಯನ್ನೂ ಜೊತೆಗೆ ಸೇರಿಸಿದ. ಕೆಳಗೆ ಏನಾದರೂ ಬರೆಯಬೇಕು, ಕ್ಷಮಿಸಿ ಎಂದು ಬರೆದ, ಅಳಿಸಿದ, ಅಕ್ಕಾ ನಾನು ನಿಮ್ಮ ಒಳ್ಳೇದಕ್ಕೇ ಎಂದು ಬರೆದ, ಛೆ, ಅಳಿಸಿದ, ಕೊನೆಗೆ ಹೀಗೆ ಬರೆದ, ಇದು ಇಲ್ಲೀವರೆಗೆ ನಾನು ಕತ್ತರಿಸಿದ್ದು ಅಕ್ಕಾ, ನೀವು ಕೇಳಿದಾಗ ಸುಳ್ಳು ಹೇಳಿದೆ, ಗುರುವಾರ ನಾನೂ ಬರ್ತೀನಿ, ಎದುರಿಗೇ ಕೂತಿರ್ತೀನಿ. ಒತ್ತಿದ. ಇದಕ್ಕೆ ಕಂಟ್ರೋಲ್ ಝಡ್ ಇಲ್ಲ.

ಮೂರು ಗಂಟೆ. ತಲುಪಿತು ಎಂಬ ಗುರುತು ಬಂತು, ಸ್ವಲ್ಪ ಹೊತ್ತಿಗೆ ತೆರೆದರು ಎಂಬ ಗುರುತು, ಈಗ ಅಲ್ಲಿ ಹಾಕಿಕೊಂಡಿರುತ್ತಾರೆ, ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ ಕಿವಿ ಮುಂದೆ ಚಾಚಿ, ಇವನೂ ಇಲ್ಲಿ ಹಾಕಿದ, ಈ ವಾರದ್ದು ಮಿಲ್ಲಿನ ಸೈರನ್ನಿನ ಕಂತು, ಅಕ್ಕನ ಅಪ್ಪ ಬೆಳಗಿನ ಸೈರನ್ನಿಗೆ ಚಪ್ಪಲಿ ಮೆಟ್ಟುತ್ತಿದ್ದದ್ದು, ಸಂಜೆಯ ಸೈರನ್ನಿಗೆ ಅವ್ವ ಬಾಗಿಲು ತೆರೆಯುತ್ತಿದ್ದದ್ದು, ಎಷ್ಟು ಚೆನ್ನಾಗಿ ಹೇಳಿದ್ದಾರೆ, ತಡವರಿಸಿದ ಕಡೆಯೂ ಎಷ್ಟು ಚೆನ್ನಾಗಿದೆ, ಹೆಂಡತಿ ಬಂದು ಹಿಂದೆ ನಿಂತದ್ದು ಗೊತ್ತಾಯಿತು, ಭುಜದ ಮೇಲೆ ಕೈ ಇಟ್ಟಳು, ನಲವತ್ತು ನಿಮಿಷ ಹೇಗೆ ಹೋಯಿತೋ, ಅಲ್ಲಿಯೂ ಹೋಗಿರುತ್ತದೆ, ಅಲ್ಲಿಯೂ ಈಗ ಸಂಕಲನ, ಗೆರೆ ಮಲಗಿತು, ಒಂದು, ಎರಡು, ಪರದೆಯ ಗಾಜಿನಲ್ಲಿ ಅವನ ಮುಖ, ಗಡ್ಡ, ಮೂರು, ನಾಲ್ಕು, ಅವನ ಬಾಯಿ ತನ್ನಷ್ಟಕ್ಕೇ ದೊಡ್ಡದಾಗಿ ತೆರೆಯಿತು, ಕತ್ತರಿ, ಅಕ್ಕಾ, ಕತ್ತರಿ, ದನಿಯಿಲ್ಲದೆ, ಐದು, ಆರು, ಸ್ಟೂಲು ಕಿರ್ ಎನ್ನುತ್ತದೆ, ಅಕ್ಕ ತಲೆ ಎತ್ತುತ್ತಾರೆ, ಎಡ ಹುಬ್ಬು ಮೇಲೆ, ಗಾಜಿನ ಕಡೆ — ತಲೆ ಎತ್ತುತ್ತಾರೆ —